ಕೊತ್ತಿಯ ಮನೆಯಲ್ಲಿ ಕಳ್ಳಿ

ಬೆಕ್ಕು ಸಾಕಿದ ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕು ಎಂಬುದಕ್ಕೆ ಮನೆಯವರ ತೀರ್ಮಾನ ಒಂದು, ಬೆಕ್ಕಿನ ತೀರ್ಮಾನ ಇನ್ನೊಂದು. ಕೊನೆಗೆ ಊರ್ಜಿತವಾಗುವುದು ಎರಡನೆಯದು. ನಮ್ಮ ಷೋಕೇಸಿನ ಚನ್ನಪಟ್ಟಣದ ಗೊಂಬೆಗಳು ಸೋಫಾದಡಿಯ ಕತ್ತಲಲ್ಲಿ ಸಂಸಾರ ಹೂಡಿ ವರ್ಷಗಳಾದವು. ಸಾರಿನ ಪುಡಿ ಡಬ್ಬದ ಮುಚ್ಚಳ ಬಚ್ಚಲಲ್ಲಿ ಸಿಗುತ್ತದೆ. ಹೀಗಿರುವಾಗ ಮುಳ್ಳಿರುವ ಒಂದು ವಸ್ತು ಮನೆಗೆ ಬಂದರೆ, ಅದನ್ನು ಇಡುವ ಜಾಗದ ಬಗ್ಗೆ ಮನುಷ್ಯರು ಮಾತ್ರ ಕೂತು ಚರ್ಚಿಸಿ ಪ್ರಯೋಜನವಿಲ್ಲ.

ಆದರೂ ಚರ್ಚಿಸಿದೆವು. ಮಗಳು ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ಸಿದ್ದಾಪುರದ ನರ್ಸರಿಯೊಂದರಿಂದ ಅಂಗೈಯಲ್ಲಿ ಹಿಡಿಸುವ ಕುಂಡದಲ್ಲಿ ಕ್ಯಾಕ್ಟಸ್ ತಂದು ನಡುಮನೆಯ ಕಿಟಕಿಯಲ್ಲಿ ಇಟ್ಟಳು. ಅತ್ತೆ ಕನ್ನಡಕ ಏರಿಸಿ ನೋಡಿ, "ಮನೆಯೊಳಗೆ ಮುಳ್ಳಿನ ಗಿಡ ಇಡಬಾರದು ಕಣೇ, ಜಗಳ ಹತ್ತುತ್ತೆ" ಅಂದರು. ಇಡಬಹುದೋ ಇಡಬಾರದೋ ಎಂಬುದರ ಮೇಲೆ ಅಜ್ಜಿ ಮೊಮ್ಮಗಳಿಗೆ ಊಟದ ಹೊತ್ತಿನವರೆಗೂ ಜಗಳ ನಡೆಯಿತು. "ನೋಡಿದ್ಯಾ? ನಾನು ಹೇಳಲಿಲ್ವಾ?" ಎಂದು ಅತ್ತೆ ಗೆದ್ದು ಎದ್ದರು.

ನಮ್ಮವರ ಕಳವಳ ಬೇರೆ. "ನಂಜುಂಡ ಇದನ್ನ ತಿಂದರೆ ಗತಿ ಏನು?"

"ಏನೂ ಆಗಲ್ಲಪ್ಪ, ನರ್ಸರಿಯವರೇ ಹೇಳಿದ್ರು."

ನರ್ಸರಿಯವರು ಏನು ಕೇಳಿದರೂ ಏನೂ ಆಗಲ್ಲ ಎನ್ನುವವರು. ನೆರಳಲ್ಲಿಟ್ಟರೆ? ಏನೂ ಆಗಲ್ಲ. ಹದಿನೈದು ದಿನ ನೀರು ಹಾಕದಿದ್ದರೆ? ಏನೂ ಆಗಲ್ಲ. ಈ ಸಲ ಅವರ ಮಾತು ನಿಜವೇ ಆಗಿತ್ತು. ಅಷ್ಟು ತಿಳಿಯಲು ನಾನು ಸಾಕಷ್ಟು ಓದಬೇಕಾಯಿತು, ಅದು ಪೂರ್ತಿ ನಿಜವಲ್ಲ ಎಂದು ತಿಳಿಯಲು ಇನ್ನಷ್ಟು.

ನಂಜುಂಡನ ಪರಿಚಯ ಹೇಳಿಬಿಡುತ್ತೇನೆ. ನಂಜನಗೂಡು ರಸ್ತೆಯ ಗ್ಯಾರೇಜೊಂದರಲ್ಲಿ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಕೂತಿದ್ದ ಮರಿ. ತೊಳೆದ ಮೇಲೆ ಬೂದುಬಣ್ಣ ಹೊರಬಂತು, ಕತ್ತಿನ ಕೆಳಗೆ ಮಾತ್ರ ಒಂದು ನೀಲಿಗಪ್ಪು ಮಚ್ಚೆ ಉಳಿಯಿತು. ಅತ್ತೆ ಆ ಮಚ್ಚೆ ನೋಡಿ ಹೆಸರಿಟ್ಟರು. ಅವರ ಮಡಿಗೂ ಅವನ ಓಡಾಟಕ್ಕೂ ಒಪ್ಪಂದವಾಗಿದೆ. ಒಪ್ಪಂದದ ಎಲ್ಲ ಕಲಮುಗಳನ್ನೂ ಪಾಲಿಸುವವರು ಅತ್ತೆ.

ಈಗ ಗಿಡದ ವಿಚಾರ. ನಾಲ್ಕು ಬೆರಳೆತ್ತರದ, ಮೂರು ಅಂಚಿನ ಹಸಿರು ಕಂಬ, ಅದರ ನೆತ್ತಿಯ ಮೇಲೆ ಕುಂಕುಮಗೆಂಪಿನ ಉಂಡೆ. ಅಂಗಡಿಯಲ್ಲಿ ಮೂನ್ ಕ್ಯಾಕ್ಟಸ್ ಎನ್ನುತ್ತಾರೆ. ಅದು ಒಂದು ಗಿಡವಲ್ಲ, ಎರಡು. ಮೇಲಿನ ಉಂಡೆ ಜಿಮ್ನೊಕ್ಯಾಲಿಸಿಯಂ ಎಂಬ ಜಾತಿಯದು. ಅದರಲ್ಲಿ ಪತ್ರಹರಿತ್ತು ಇಲ್ಲ, ಆದ್ದರಿಂದಲೇ ಕೆಂಪು, ಆದ್ದರಿಂದಲೇ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಕೆಳಗಿನ ಕಂಬ ಡ್ರ್ಯಾಗನ್ ಫ್ರೂಟ್ ಬಳಗದ್ದು. ಅದರ ಮೇಲೆ ಕಸಿ ಕಟ್ಟಿದರೆ ಮಾತ್ರ ಉಂಡೆ ಬದುಕುತ್ತದೆ. ದುಡಿಯುವವನು ಕೆಳಗೆ, ಮೆರೆಯುವವನು ಮೇಲೆ. ಸಾಲದ್ದಕ್ಕೆ ನರ್ಸರಿಯವರು ಉಂಡೆಯ ತುದಿಗೆ ಹಳದಿ ಒಣಹೂವೊಂದನ್ನು ಬಿಸಿ ಗೋಂದಿನಿಂದ ಅಂಟಿಸಿದ್ದರು. ನಂಜುಂಡ ಮೊದಲು ಕಿತ್ತದ್ದು ಆ ಹೂವನ್ನು. ಇಡೀ ಗಿಡದಲ್ಲಿ ನುಂಗಬಾರದ್ದು ಯಾವುದಾದರೂ ಇದ್ದರೆ ಅದು ಆ ಗೋಂದಿನ ಗುಳಿಗೆ. ದೇವರು ಮಾಡಿದ ಗಿಡದಲ್ಲಿ ವಿಷವಿರಲಿಲ್ಲ, ಮನುಷ್ಯ ಹಚ್ಚಿದ ಹೂವನ್ನು ಮಾತ್ರ ಬೆಕ್ಕಿನ ಬಾಯಿಂದ ಬಿಡಿಸಿಕೊಳ್ಳಬೇಕಾಯಿತು.

ಕ್ಯಾಕ್ಟಸ್ ಕುಟುಂಬದ ಗಿಡಗಳು ಸಾಮಾನ್ಯವಾಗಿ ಬೆಕ್ಕಿಗೆ ವಿಷವಲ್ಲ. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ಮನೆಯ ಗಿಡಗಳಲ್ಲಿ ಸಾಕುಪ್ರಾಣಿಗೆ ಯಾವುದು ವಿಷ, ಯಾವುದು ಅಲ್ಲ ಎಂದು ಪಟ್ಟಿ ಮಾಡಿಟ್ಟಿದೆ. ಡಿಸೆಂಬರಿನಲ್ಲಿ ಗುಲಾಬಿ ಹೂ ಬಿಡುವ ಕ್ರಿಸ್ಮಸ್ ಕ್ಯಾಕ್ಟಸ್ ಅದರಲ್ಲಿ ನಿರಪಾಯದ ಸಾಲಿನಲ್ಲಿದೆ. ಬೆಕ್ಕು ಹೊಟ್ಟೆ ತುಂಬ ತಿಂದರೆ ವಾಂತಿ ಮಾಡೀತು. ಆದರೆ ಹೊಟ್ಟೆ ತುಂಬ ಹುಲ್ಲು ತಿಂದರೂ ಬೆಕ್ಕು ವಾಂತಿ ಮಾಡುತ್ತದೆ, ಅದೂ ಹೊಸದಾಗಿ ಒಗೆದ ಜಮಖಾನದ ಮೇಲೆ. ಮೆಕ್ಸಿಕೋದ ಪೆಯೋಟಿ, ಆಂಡಿಸ್ ಬೆಟ್ಟಗಳ ಸ್ಯಾನ್ ಪೆಡ್ರೊ ಎಂಬ ಕೆಲವು ಜಾತಿಗಳಲ್ಲಿ ಮೆಸ್ಕಲಿನ್ ಎಂಬ ಮತ್ತು ಬರಿಸುವ ವಸ್ತು ಇದೆ. ಅವನ್ನು ಬಿಟ್ಟರೆ ಈ ಕುಟುಂಬದ ಆಯುಧ ಮುಳ್ಳು. ಆಯುಧವನ್ನು ಹೊರಗೇ ತೋರಿಸಿಕೊಂಡು ಕೂತವರು ಒಳಗೆ ಬೇರೆ ಏನನ್ನೂ ಬಚ್ಚಿಟ್ಟಿಲ್ಲ.

ಇದನ್ನು ಓದುತ್ತಿರುವ ಎಷ್ಟೋ ಮಂದಿ "ನಮ್ಮಲ್ಲಿ ಕ್ಯಾಕ್ಟಸ್ ಇಲ್ಲವಲ್ಲ" ಅಂದುಕೊಳ್ಳುತ್ತಿರಬಹುದು. ಹಿತ್ತಿಲಿನ ಮೂಲೆಯಲ್ಲೋ ಮಹಡಿ ಮೆಟ್ಟಿಲ ಕೆಳಗೋ ಬ್ರಹ್ಮಕಮಲದ ಕುಂಡ ಇದೆಯೇ? ಹಾಗಾದರೆ ಕ್ಯಾಕ್ಟಸ್ ಇದೆ. ನಾವು ರಾತ್ರಿ ಎದ್ದು ಕೂತು ನೋಡುವ ಬ್ರಹ್ಮಕಮಲ ಎಪಿಫಿಲ್ಲಮ್ ಎಂಬ ಕ್ಯಾಕ್ಟಸ್, ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡು. ಅಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುತ್ತದೆ. ಹಿಮಾಲಯದ ನಿಜವಾದ ಬ್ರಹ್ಮಕಮಲ ಉತ್ತರಾಖಂಡದ ರಾಜ್ಯಪುಷ್ಪ, ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ಮೈಸೂರಿನ ಕುಂಡದಲ್ಲಿ ಬದುಕುವುದಿಲ್ಲ. ನಮ್ಮದಕ್ಕೆ ಮುಳ್ಳಿಲ್ಲ. ಎಲೆ ಅನ್ನುತ್ತೇವಲ್ಲ, ಅದು ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಅದರ ಒಂದು ತುಂಡು ಊರಿದರೆ ಗಿಡವಾಗುವುದು ಅದಕ್ಕೇ. ಒಂದು ಬೀದಿಯಲ್ಲಿ ಒಬ್ಬರ ಮನೆಗೆ ಬಂದರೆ ಎರಡು ಮೂರು ವರ್ಷದಲ್ಲಿ ಬೀದಿಗೆಲ್ಲ ಹಬ್ಬುವುದೂ ಅದಕ್ಕೇ.

ನಮ್ಮ ಬೀದಿಯಲ್ಲಿ ಮೊಗ್ಗು ಕೆಳಗೆ ಬಾಗಿ, ಕತ್ತು ಮತ್ತೆ ಮೇಲಕ್ಕೆ ಎತ್ತಿತೆಂದರೆ ಸುದ್ದಿ ಹರಡುತ್ತದೆ. "ಇವತ್ತು ಅರಳುತ್ತೆ, ರಾತ್ರಿ ಬನ್ನಿ." ಒಂಬತ್ತಕ್ಕೆ ಹೋದರೆ ಹೂ ಅರ್ಧ ಬಿಚ್ಚಿರುತ್ತದೆ. ಕಾಫಿ ಬರುತ್ತದೆ. ಹತ್ತಕ್ಕೆ ಮುಕ್ಕಾಲು. ಒಬ್ಬರು ಆರತಿ ತಟ್ಟೆ ತರುತ್ತಾರೆ, ಮೂವರು ಮೊಬೈಲ್ ಹಿಡಿಯುತ್ತಾರೆ. ನಡುರಾತ್ರಿಯ ಹೊತ್ತಿಗೆ ಇಡೀ ಅಂಗಳ ಘಮಘಮ, ಬೆಳಗಾಗುವಷ್ಟರಲ್ಲಿ ಹೂ ತಲೆ ಜೋತುಬಿದ್ದಿರುತ್ತದೆ. ಈ ಸಮಾರಂಭಗಳಿಗೆಲ್ಲ ನಂಜುಂಡನೂ ಬರುತ್ತಾನೆ. ಅವನಿಗೆ ಹೂವಿನ ಗೊಡವೆಯಿಲ್ಲ, ಹೂವಿಗೆ ಬರುವ ದೊಡ್ಡ ಪತಂಗದ ಮೇಲೆ ಕಣ್ಣು. ಒಂದು ಮನೆಯ ಗಿಡದ ಕೆಳಗಿನ ಎಲೆಗಳಲ್ಲಿ ಹಲ್ಲಿನ ಗುರುತುಗಳಿವೆ. ಯಾರದೆಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಷ್ಟು ತಿಂದವನು ಇವತ್ತಿಗೂ ಗಟ್ಟಿಯಾಗಿದ್ದಾನೆ.

ಮಾಂಸ ತಿನ್ನುವ ಪ್ರಾಣಿ ಸೊಪ್ಪಿಗೆ ಯಾಕೆ ಬಾಯಿ ಹಾಕುತ್ತದೆ? ಹೊಟ್ಟೆನೋವಿಗೆ ಔಷಧಿ ಎಂದು ನಮ್ಮಲ್ಲಿ ಹೇಳುವ ವಾಡಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಯಜಮಾನರನ್ನು ವಿಚಾರಿಸಿ ನೋಡಿದರು. ಹುಲ್ಲು ತಿನ್ನುವ ಮೊದಲು ಬೆಕ್ಕುಗಳು ಕಾಯಿಲೆ ಬಿದ್ದಂತೇನೂ ಕಾಣಲಿಲ್ಲ, ತಿಂದ ಮೇಲೆ ವಾಂತಿ ಮಾಡುವವೂ ಕಡಿಮೆಯೇ. ಕಾಡುಪೂರ್ವಜರು ಕರುಳಿನ ಹುಳುಗಳನ್ನು ಹೊರದೂಡಲು ನಾರು ತಿನ್ನುತ್ತಿದ್ದರು, ಹುಳು ಹೋದರೂ ಚಟ ಉಳಿದಿದೆ ಎಂಬುದು ಅವರ ಊಹೆ. ಹಾಗಾಗಿ "ನಮ್ಮ ಬೆಕ್ಕು ಗಿಡ ಮುಟ್ಟುವುದಿಲ್ಲ" ಎಂದು ಯಾರೂ ಆಣೆ ಮಾಡಬೇಡಿ. ಸಿಹಿಯ ವಿಷಯದಲ್ಲಿ ಮಾತ್ರ ಆಣೆ ಮಾಡಬಹುದು. ಸಿಹಿ ಗುರುತಿಸುವ ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಟ್ಟು ನಿಂತಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು ತೋರಿಸಿದರು. ನಂಜುಂಡ ಮೈಸೂರುಪಾಕನ್ನು ನೆಕ್ಕುವುದುಂಟು, ಆದರೆ ಅದು ತುಪ್ಪದ ಮೇಲಿನ ಗೌರವ.

ಹಾಗಾದರೆ ಮುಳ್ಳು? ನೇರವಾದ ದಪ್ಪ ಮುಳ್ಳಿನ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. ಬೆಕ್ಕು ಮೂಸುತ್ತದೆ, ಮೀಸೆ ತಾಗಿಸಿ ಅಳೆಯುತ್ತದೆ, ಒಂದು ಸಲ ಚುಚ್ಚಿಸಿಕೊಂಡು, ಯಾರೂ ನೋಡಲಿಲ್ಲ ಎಂಬ ಮುಖ ಮಾಡಿ ಹೋಗುತ್ತದೆ. ಚಿಂತೆ ಇರುವುದು ಕಣ್ಣಿಗೆ ಕಾಣದ ಮುಳ್ಳಿನದು. ಪಾಪಾಸುಕಳ್ಳಿಯ ಬಳಗಕ್ಕೆ ದೊಡ್ಡ ಮುಳ್ಳಿನ ಬುಡದಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲಿರುತ್ತದೆ. ಗ್ಲಾಕಿಡ್ ಎನ್ನುತ್ತಾರೆ. ತುದಿಯಲ್ಲಿ ಹಿಮ್ಮುಖದ ಕೊಕ್ಕೆ, ಮುಟ್ಟಿದ ಮಾತ್ರಕ್ಕೆ ಗಿಡದಿಂದ ಕಳಚಿ ನಿಮ್ಮ ಕೈಗೆ ಬಂದು ಸೇರುತ್ತದೆ. ಬಯಲುಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಲಿಯ ಕೆಂಪು ಹಣ್ಣನ್ನು ಕಡ್ಡಿಯಲ್ಲಿ ಉದುರಿಸಿ, ಕಲ್ಲಿಗೆ ಉಜ್ಜಿ, ಇನ್ನು ಮುಳ್ಳಿಲ್ಲ ಎಂದು ಬಾಯಿಗಿಟ್ಟ ಮೇಲೆ ತುಟಿ ನಾಲಿಗೆಗಳಲ್ಲಿ ಎರಡು ದಿನ ಚುರುಚುರು. ನಾಲಿಗೆ ಕೆಂಪಾಗಿರುವುದರಿಂದ ಮನೆಯಲ್ಲಿ ಸುಳ್ಳು ಹೇಳುವಂತೆಯೂ ಇರಲಿಲ್ಲ.

ಆ ಬೇಲಿ ನಮ್ಮ ನೆಲದ್ದಲ್ಲ. ಕ್ಯಾಕ್ಟಸ್ ಕುಟುಂಬವೆಲ್ಲ ಅಮೆರಿಕ ಖಂಡಗಳದ್ದು. ಮರದ ಮೇಲೆ ಜೋತುಬಿದ್ದು ಬೆಳೆಯುವ ರಿಪ್ಸಾಲಿಸ್ ಎಂಬ ಒಂದು ಜಾತಿ ಮಾತ್ರ ಆಫ್ರಿಕಾ ಮತ್ತು ಶ್ರೀಲಂಕಾದ ಕಾಡುಗಳಲ್ಲೂ ತಾನಾಗಿ ಸಿಗುತ್ತದೆ. ಪಾಪಾಸುಕಳ್ಳಿಯನ್ನು ಇಲ್ಲಿ ಬೆಳೆಸಲು ಈಸ್ಟ್ ಇಂಡಿಯಾ ಕಂಪನಿ ಆಸೆಪಟ್ಟದ್ದು ಬಣ್ಣಕ್ಕಾಗಿ. ಆ ಗಿಡದ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಹುಳುವನ್ನು ಒಣಗಿಸಿ ಅರೆದರೆ ಉಜ್ವಲ ಕೆಂಪು ಬರುತ್ತದೆ. ಇಂಗ್ಲಿಷ್ ಸೈನ್ಯಾಧಿಕಾರಿಗಳ ಕೋಟಿನ ಕೆಂಪು ಅದೇ. ಆ ವ್ಯಾಪಾರ ಪೂರ್ತಿ ಮೆಕ್ಸಿಕೋವನ್ನು ಆಳುತ್ತಿದ್ದ ಸ್ಪೇನಿನ ಕೈಲಿತ್ತು. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಕಂಪನಿಯ ವೈದ್ಯರು ಕಳ್ಳಿ ತೋಟ ಮಾಡಿ ಹುಳುವಿಗಾಗಿ ಕಾದರು. 1795ರಲ್ಲಿ ಬ್ರೆಜಿಲ್ ಕಡೆಯಿಂದ ಹಡಗಿನಲ್ಲಿ ಹುಳು ಬಂತು, ಆದರೆ ಬೇರೆ ಜಾತಿಯದು. ಬಣ್ಣ ಕಳಪೆ, ಹಸಿವು ಮಾತ್ರ ಅಪಾರ. ಅದು ಬಣ್ಣ ಕೊಡುವುದು ಬಿಟ್ಟು ಒಂದು ಜಾತಿಯ ಕಳ್ಳಿಯನ್ನೇ ಮುಗಿಸುತ್ತ ಹೋಯಿತು. ಕಳೆಯನ್ನು ಹುಳುವಿನಿಂದ ಕೊಲ್ಲಿಸುವ ವಿದ್ಯೆಯ ಮೊದಲ ಪಾಠವನ್ನು ಜಗತ್ತು ಕಲಿತದ್ದು ಹೀಗೆ. ಉಳಿದ ಜಾತಿ ದಕ್ಷಿಣದ ಹೊಲಗದ್ದೆಗಳನ್ನು ಆವರಿಸಿತು. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಹುಳು ತಂದು ಬಿಟ್ಟ ಮೇಲೆ ಅದು ಹಿಡಿತಕ್ಕೆ ಬಂತು. ಈಗ ಅದೇ ಬಳಗದ ಗಿಡವನ್ನು ನಾವು ಪಿಂಗಾಣಿ ಕುಂಡದಲ್ಲಿ, ದುಡ್ಡು ಕೊಟ್ಟು, ಮನೆಗೆ ತರುತ್ತಿದ್ದೇವೆ.

ಹಾಗೆ ತರುವಾಗ ಮೊಲದ ಕಿವಿಯ ಆಕಾರದ ಬನ್ನಿ ಇಯರ್ ಕ್ಯಾಕ್ಟಸ್ ಒಂದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಆ ಗಿಡವನ್ನು ನೋಡಿ ಮಕ್ಕಳೆಲ್ಲ ಕೈ ಚಾಚುವುದನ್ನು ಕಂಡಿದ್ದೇನೆ. ಉದ್ದ ಮುಳ್ಳಿಲ್ಲ, ಮಖಮಲ್ಲಿನ ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ಆ ಚುಕ್ಕೆ ಒಂದೊಂದರಲ್ಲೂ ನೂರಾರು ಗ್ಲಾಕಿಡ್. ಮನುಷ್ಯರಾದರೆ ಚಿಮಟದಲ್ಲಿ ಕಿತ್ತು, ಉಳಿದದ್ದಕ್ಕೆ ಬಿಳಿ ಗೋಂದು ಹಚ್ಚಿ, ಒಣಗಿದ ಮೇಲೆ ಸುಲಿದು ತೆಗೆಯುತ್ತಾರೆ. ಬೆಕ್ಕಿಗೆ ಗೋಂದು ಹಚ್ಚುವವರು ಯಾರು? ಗಂಟೆ ಕಟ್ಟುವವರನ್ನಾದರೂ ಹುಡುಕಬಹುದು. ಅದಕ್ಕಿಂತ ಮುಖ್ಯವಾದದ್ದು ಬೆಕ್ಕಿನ ನಾಲಿಗೆ. ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ಗಟ್ಟಿ ಕೊಕ್ಕೆಗಳಿವೆ. ಪಂಜಕ್ಕೆ ಏನು ಅಂಟಿದರೂ ಬೆಕ್ಕು ಅದನ್ನು ನೆಕ್ಕಿಯೇ ತೆಗೆಯುವುದು, ನಾಲಿಗೆಗೆ ಸಿಕ್ಕಿದ್ದನ್ನು ಉಗುಳಲು ಕೊಕ್ಕೆ ಬಿಡುವುದಿಲ್ಲ. ಹಾಗಾಗಿ ಕಾಲಿಗೆ ಚುಚ್ಚಿದ ಮುಳ್ಳು ಬಾಯಿಗೆ, ಬಾಯಿಂದ ಒಳಕ್ಕೆ. ಜೊಲ್ಲು ಸುರಿಸುತ್ತ ಪಂಜದಿಂದ ಮುಖ ಉಜ್ಜಿಕೊಳ್ಳುವ, ತಟ್ಟೆ ಮೂಸಿ ಬಿಟ್ಟುಹೋಗುವ ಬೆಕ್ಕನ್ನು ಕಂಡರೆ ಬಾಯಿ ತೆರೆಸಿ ನೋಡುವ ಸಾಹಸ ಬೇಡ, ಡಾಕ್ಟರ ಹತ್ತಿರ ಹೋಗಬೇಕು.

ನಾನು ಕೇಳಲು ಹೋದಾಗ ನಮ್ಮ ಬಡಾವಣೆಯ ಪಶುವೈದ್ಯರು ನಕ್ಕರು. "ಕ್ಯಾಕ್ಟಸ್ ಇರಲಿ ಮೇಡಂ, ಮನೇಲಿ ಹೂ ಕಟ್ಟುತ್ತೀರಾ?" ಕಟ್ಟುತ್ತೇವೆ, ಅತ್ತೆ ದಿನವೂ ದೇವರಿಗೆ ಕಟ್ಟುತ್ತಾರೆ. "ಬಾಡಿದ ಹೂವಿನ ದಾರ ಎಲ್ಲಿ ಹಾಕುತ್ತೀರಾ?" ಅದೇ ನಾಲಿಗೆ, ಅದೇ ಕೊಕ್ಕೆ. ದಾರದ ತುದಿ ಸಿಕ್ಕರೆ ಬೆಕ್ಕು ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು, ಉಳಿದದ್ದು ಕರುಳನ್ನು ನಿರಿಗೆ ಹಿಡಿದು ಎಳೆಯುತ್ತದೆ. ಕೊಯ್ದೇ ತೆಗೆಯಬೇಕಾಗುತ್ತದೆ. ಮಲ್ಲಿಗೆಯ ನಿರ್ಮಾಲ್ಯ ಅಂದಿನಿಂದ ಮುಚ್ಚಳದ ಡಬ್ಬಿಗೆ ಬೀಳುತ್ತಿದೆ. ಮುಳ್ಳಿನ ಗಿಡದ ಬಗ್ಗೆ ಕೇಳಲು ಹೋಗಿ ದೇವರ ಮನೆಯ ಬಗ್ಗೆ ಎಚ್ಚರ ಹೇಳಿಸಿಕೊಂಡು ಬಂದೆ. ಅತ್ತೆಗೆ ಇದನ್ನು ಯಾವ ಧಾಟಿಯಲ್ಲಿ ತಿಳಿಸಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಬೇಕಾಯಿತು.

ಇಷ್ಟರಲ್ಲಿ ಮಗಳು ಫೋನ್ ಮಾಡಿ, "ಅಮ್ಮ, ಇನ್ನೊಂದು ಕ್ಯಾಕ್ಟಸ್ ತರ್ತೀನಿ, ಪೆನ್ಸಿಲ್ ಕ್ಯಾಕ್ಟಸ್ ಅಂತೆ, ಮುಳ್ಳೇ ಇಲ್ಲ" ಎಂದಳು. ಫೋಟೋ ಬಂತು. ಅತ್ತೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಇದಕ್ಕೆ ದುಡ್ಡು ಕೊಟ್ಟಳಾ? ಇದು ನಮ್ಮೂರ ಬೇಲಿಯ ಮೊಂಡುಗಳ್ಳಿ!" ನಿಜ, ಎಲೆ ಕಾಣದ, ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳ ಅದೇ ಗಿಡ. ಮುರಿದರೆ ಹಾಲು. ಈ ಹಾಲಿನ ಹತ್ತಿರ ಬಂದಾಗ ನರ್ಸರಿಯವರ "ಏನೂ ಆಗಲ್ಲ" ನಿಂತುಹೋಗುತ್ತದೆ.

ಮೊಂಡುಗಳ್ಳಿ, ಎಲೆಗಳ್ಳಿ, ಚದುರಗಳ್ಳಿ ಇವೆಲ್ಲ ಯುಫೋರ್ಬಿಯಾ ಎಂಬ ಬೇರೆಯೇ ವಂಶ. ಆಫ್ರಿಕಾ ಮತ್ತು ಏಷ್ಯಾದ ಒಣನೆಲದಲ್ಲಿ ನೀರು ಉಳಿಸುವುದಕ್ಕಾಗಿ ಎಲೆ ಕಳೆದುಕೊಂಡು ಕಾಂಡ ದಪ್ಪ ಮಾಡಿಕೊಂಡವು. ಅಮೆರಿಕದ ಮರುಭೂಮಿಯಲ್ಲಿ ಕ್ಯಾಕ್ಟಸ್ ಕೂಡ ಅದನ್ನೇ ಮಾಡಿತು. ಸಂಬಂಧವಿಲ್ಲದ ಎರಡು ಮನೆತನಗಳಿಗೆ ಒಂದೇ ಮುಖ ಬಂತು. ಹಾಲು ಬೇರೆ. ಯುಫೋರ್ಬಿಯಾದ ಹಾಲಿನಲ್ಲಿರುವ ಡೈಟರ್ಪೀನ್ ಎಂಬ ವಸ್ತುಗಳು ಚರ್ಮವನ್ನು ಸುಡುತ್ತವೆ, ಬಾಯಿ ಗಂಟಲು ಉರಿಸುತ್ತವೆ, ಕಣ್ಣಿಗೆ ಸಿಡಿದರೆ ಕೆಲವು ದಿನ ಕಣ್ಣೇ ಕಾಣದಂತಾಗಬಹುದು. ಹಳ್ಳದ ಮಡುವಿಗೆ ಈ ಹಾಲು ಹಾಕಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ಪದ್ಧತಿ ಇತ್ತು. ಬೆಕ್ಕಿನ ಬಾಯಿಗೆ ಬಿದ್ದರೆ ಜೊಲ್ಲು, ವಾಂತಿ, ಊತ. ಮೈಗೆ ಮೆತ್ತಿದ್ದನ್ನು ನೆಕ್ಕಿ ತೆಗೆಯುವ ಪ್ರಾಣಿಗೆ ಒಂದು ಸಲದ ಸಂಪರ್ಕ ಎರಡು ಸಲವಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾವು ಮನುಷ್ಯರ ಬಗ್ಗೆ ಆಡುತ್ತೇವೆ. ಮೊದಲು ಆಡಿದವರು ಬೇಲಿಯ ಪಕ್ಕ ನಿಂತಿದ್ದರೋ ಏನೋ.

ಗುರುತು ಹಿಡಿಯುವುದು ಕಷ್ಟವಲ್ಲ. ಮುಳ್ಳುಗಳು ಉಣ್ಣೆಯ ಮೆತ್ತೆಯಂಥ ಸಣ್ಣ ಚುಕ್ಕೆಯೊಂದರಿಂದ ಗೊಂಚಲಾಗಿ ಹೊರಟಿದ್ದರೆ ಕ್ಯಾಕ್ಟಸ್. ಮುಳ್ಳು ಜೋಡಿಜೋಡಿಯಾಗಿ ಕಾಂಡದ ಅಂಚಿನಿಂದಲೇ ಮೂಡಿದ್ದರೆ, ಗೀರಿದಲ್ಲಿ ಹಾಲು ಜಿನುಗಿದರೆ, ಯುಫೋರ್ಬಿಯಾ ಎಂದು ತಿಳಿದು ಕೈ ತೊಳೆಯಿರಿ. ಇದಕ್ಕೂ ಒಂದು ತಕರಾರಿದೆ. ಮ್ಯಾಮಿಲೇರಿಯಾ ಎಂಬ ಗುಂಡು ಕ್ಯಾಕ್ಟಸ್‌ಗಳಲ್ಲಿ ಕೆಲವಕ್ಕೆ ಹಾಲಿದೆ, ಅದು ನಿರಪಾಯದ್ದು. ಪ್ರಕೃತಿಗೆ ನಮ್ಮ ಅನುಕೂಲಕ್ಕಾಗಿ ಸೂತ್ರ ಬರೆಯುವ ಹಂಬಲವಿಲ್ಲ. ಬಾಲ್ಕನಿಗಳಲ್ಲಿ ವರ್ಷವಿಡೀ ಕೆಂಪು ಹೂ ಬಿಡುವ ಮುಳ್ಳುಗಿಡವನ್ನು, ಯುಫೋರ್ಬಿಯಾ ಎಂದೇ ಮಾರುವುದನ್ನು, ಎಲ್ಲರೂ ನೋಡಿರುತ್ತೀರಿ. ಅದೂ ಇದೇ ಹಾಲಿನ ವಂಶ.

"ಒಂದು ಸಲ ಕಚ್ಚಿ ನೋಡಲಿ, ಬುದ್ಧಿ ಬರುತ್ತೆ" ಎಂದು ನಮ್ಮವರು ಹೇಳಿದರು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಅವರ ಆಧಾರ. ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ಅವನು ಕುದಿಯುವ ಹಾಲಿಟ್ಟ. ಆಮೇಲೆ ಅದು ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು.

"ಆ ಬೆಕ್ಕು ಬಡಕಲಾಗಿ ಆಸ್ಥಾನಕ್ಕೆ ಬಂತಲ್ಲ ರೀ, ಅದೂ ಕತೆಯಲ್ಲಿದೆ" ಎಂದೆ.

ನನ್ನ ವಾದ ಇಷ್ಟು. ಮುಳ್ಳು ಪಾಠ ಹೇಳಬಲ್ಲದು, ಬೆಕ್ಕು ಕಲಿಯಬಲ್ಲದು. ಕೆಲವು ಗಿಡಗಳು ಪಾಠ ಹೇಳುವ ಮೊದಲೇ ಪರೀಕ್ಷೆ ಮುಗಿಸುತ್ತವೆ. ಬೆಕ್ಕಿನ ಪೂರ್ವಜರು ಸೊಪ್ಪು ತರಕಾರಿ ತಿಂದು ಬದುಕಿದವರಲ್ಲ. ಗಿಡಗಳ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕೆಲವು ಕಿಣ್ವಗಳು ಅವುಗಳ ಯಕೃತ್ತಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣಕ್ಕೆ ಎರವಾಗುವುದು ಇಂಥದ್ದೇ ಕೊರತೆಯಿಂದ. ನಂಜುಂಡ ಹೆಸರಿಗೆ ಮಾತ್ರ ವಿಷಕಂಠ.

ಇದನ್ನೆಲ್ಲ ತಿಳಿದ ಮೇಲೆ ಮನೆಯ ಗಿಡಗಳನ್ನು ಒಂದು ಸುತ್ತು ನೋಡಿ ಬಂದೆ. ಅಡಿಗೆಮನೆ ಕಿಟಕಿಯಲ್ಲಿ ಬಾಟಲಿಯಿಂದ ಇಳಿಬಿದ್ದಿದ್ದ ಮನಿಪ್ಲಾಂಟ್, ಎಷ್ಟು ಸಾಧು! ಅದರ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿವೆ, ಕಚ್ಚಿದರೆ ಬಾಯಿಗೆಲ್ಲ ಚುಚ್ಚಿಕೊಳ್ಳುತ್ತವೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಈ ಸೂಜಿ ಹಳೆಯ ಪರಿಚಯ, ಕೆಸುವಿನ ತುರಿಕೆ ಇದೇ. ನಾವು ಹುಣಸೆಹಣ್ಣು ಹಾಕಿ, ಬೇಯಿಸಿ, ಪತ್ರೊಡೆ ಮಾಡಿ ಆ ತುರಿಕೆಯನ್ನು ಮಣಿಸಿದೆವು. ಬೆಕ್ಕು ಹಸಿಯೇ ತಿನ್ನುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಬಾಯಿ ಊದಿ ಪಾಡುಪಡುತ್ತದೆ. ದೃಷ್ಟಿಗೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ, ಅದೂ ಬೆಕ್ಕಿಗೆ ಆಗದು. ಸದ್ಯ, ದೃಷ್ಟಿ ತಾಗುವಷ್ಟು ಎತ್ತರದಲ್ಲಿದೆ, ನಂಜುಂಡನ ಬಾಯಿ ತಾಗುವಷ್ಟು ತಗ್ಗಿನಲ್ಲಿಲ್ಲ. ಗೇಟಿನ ಪಕ್ಕದ ಸೈಕಾಸ್ ಗಿಡ ಯಕೃತ್ತನ್ನೇ ಕೆಡಿಸುವಂಥದ್ದು, ಅದರ ಬೀಜವಂತೂ ಕಡುವಿಷ. ಅದನ್ನು ಊರ ಹೊರಗಿನ ತೋಟಕ್ಕೆ ಸಾಗಿಸಿದೆವು. ಇಡೀ ಮನೆಯಲ್ಲಿ ಹೊರಗಿನಿಂದ ನೋಡಿದರೆ ಕೇಡಿಗ ಎನಿಸುತ್ತಿದ್ದ ಗಿಡ ಒಂದೇ, ಆ ಕ್ಯಾಕ್ಟಸ್. ಅದರ ಮೇಲಿನ ಆಪಾದನೆಯೊಂದೇ ಬಿದ್ದುಹೋಯಿತು.

ಕ್ಯಾಕ್ಟಸಿನಿಂದ ಬೆಕ್ಕಿಗೆ ಏನಾಗುತ್ತದೆ ಎಂದು ಇಷ್ಟು ಯೋಚಿಸಿದವರು ಬೆಕ್ಕಿನಿಂದ ಕ್ಯಾಕ್ಟಸಿಗೆ ಏನಾಗುತ್ತದೆ ಎಂದೂ ಯೋಚಿಸಬೇಕು. ಈ ಗಿಡಕ್ಕೆ ಬೇಕಾದದ್ದು ನೀರು ನಿಲ್ಲದ ಸಡಿಲ ಮರಳುಮಣ್ಣು. ಬೆಕ್ಕಿಗೆ ಶೌಚಕ್ಕೆ ಬೇಕಾದದ್ದೂ ನೀರು ನಿಲ್ಲದ ಸಡಿಲ ಮರಳುಮಣ್ಣು. ಕೆರೆದು, ಕೂತು, ಮುಚ್ಚಿ, ಮೂಸಿ ನೋಡಿ ಹೋಗುತ್ತದೆ, ಆ ಗೊಬ್ಬರದ ಖಾರಕ್ಕೆ ಬೇರು ಕೊಳೆಯುತ್ತದೆ. ದೊಡ್ಡ ಕುಂಡಗಳಲ್ಲಿ ಈ ಕಷ್ಟ ಹೆಚ್ಚು. ಮೇಲೆ ದಪ್ಪ ಬೆಣಚುಕಲ್ಲು ಹರಡಿದರೆ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕ್ಯಾಕ್ಟಸಿನ ಮಣ್ಣಿಗೆ ಹರಳು ಕೀಟನಾಶಕ ಬೆರೆಸುವವರು ಬೆಕ್ಕಿನ ಪಂಜ ಆ ಮಣ್ಣಿಗೂ, ನಾಲಿಗೆ ಆ ಪಂಜಕ್ಕೂ ಹೋಗುತ್ತದೆಂದು ನೆನಪಿಡಬೇಕು. ಅದರ ಅಪಾಯ ಮುಳ್ಳಿಗಿಂತ ಎಷ್ಟೋ ಹೆಚ್ಚು.

ಬೆಕ್ಕಿನ ಕುಲಕ್ಕೆ ಕ್ಯಾಕ್ಟಸಿನಿಂದ ಉಪಕಾರವಾದ ನಿದರ್ಶನವೂ ಇದೆ. 2011ರಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕೊಂದು ಪೂಮಾ ಬೆನ್ನಟ್ಟಿದಾಗ ನಲವತ್ತು ಅಡಿಗೂ ಎತ್ತರದ ಸಗ್ವಾರೋ ಕ್ಯಾಕ್ಟಸನ್ನು ಹತ್ತಿ ತುದಿಯಲ್ಲಿ ಕೂತಿತು. ಆ ಫೋಟೋ ಲೋಕವನ್ನೆಲ್ಲ ಸುತ್ತಿತು. ಅಷ್ಟು ಮುಳ್ಳಿನ ಮೇಲೆ ಅದು ಪಂಜ ಊರಿದ್ದು ಹೇಗೋ. ಫೋಟೋದಲ್ಲಿ ಅದರ ಮುಖದಲ್ಲಿ ನೋವಿಲ್ಲ, ಷೋಕೇಸಿನ ಮೇಲೆ ಕೂತ ನಂಜುಂಡನ ಮುಖದಲ್ಲಿರುವ ತಾತ್ಸಾರವೇ ಇದೆ.

ನನ್ನ ನಿಜವಾದ ಭಯ ಈಗ ಮುಳ್ಳಿನದೂ ಅಲ್ಲ, ಹಾಲಿನದೂ ಅಲ್ಲ, ಹೂಗುಚ್ಛದ್ದು. ಲಿಲ್ಲಿ ಹೂ ಇದೆಯಲ್ಲ, ಆರತಕ್ಷತೆಗಳಲ್ಲಿ ಸೆಲ್ಲೋಫೇನ್ ಸುತ್ತಿ ಕೊಡುತ್ತಾರಲ್ಲ, ಬಿಳಿ, ಕಿತ್ತಳೆ, ನಸುಗುಲಾಬಿ. ಬೆಕ್ಕಿಗೆ ಅದಕ್ಕಿಂತ ಘೋರವಾದ ಹೂವಿಲ್ಲ. ದಳ ಕಚ್ಚಿದರೂ ಸಾಕು, ಮೈಗೆ ಉದುರಿದ ಪರಾಗ ನೆಕ್ಕಿಕೊಂಡರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು, ಒಂದೆರಡು ದಿನದಲ್ಲಿ ಮೂತ್ರಪಿಂಡ ನಿಂತುಹೋಗುತ್ತದೆ. ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣ ಕಾಣುವವರೆಗೆ ಕಾಯದೆ, ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸಿದರೆ ಉಳಿಯುವ ಆಸೆಯುಂಟು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಅದೇ ಇನ್ನೊಂದು ವಿಷವಾಗುತ್ತದೆ. ತಿಂದ ಗಿಡದ ಒಂದು ತುಂಡನ್ನು ಜೊತೆಗೆ ಒಯ್ಯಬೇಕು. "ಏನೋ ಹಸಿರು ಗಿಡ ಡಾಕ್ಟ್ರೇ" ಎಂದರೆ ಅವರು ತಾನೇ ಏನು ಮಾಡಿಯಾರು?

ಕಳೆದ ತಿಂಗಳು ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ನೆಂಟರೊಬ್ಬರು ಅಂಥದ್ದೇ ಗುಚ್ಛ ತಂದರು. ಆರು ಬಿಳಿ ಲಿಲ್ಲಿ, ಎಲ್ಲವೂ ಪರಾಗ ತುಂಬಿ ಬಾಯಿ ತೆರೆದು ನಿಂತವು. ಎಷ್ಟು ಚೆಂದ ಎಂದು ಹೊಗಳಿ, ಹಿಂದಿನ ಬಾಗಿಲಿಂದ ಹೊರಗೊಯ್ದು, ಬಕೆಟ್ಟು ಕವುಚಿಟ್ಟೆ. ಅವರು ಹೋದ ಮೇಲೆ ಯಾರಿಗೆ ಕೊಡುವುದೆಂದು ಯೋಚನೆ ಹತ್ತಿತು. ಎದುರುಮನೆಯಲ್ಲಿ ಬೆಕ್ಕಿಲ್ಲ, ಆದರೆ ನಂಜುಂಡನ ಮಧ್ಯಾಹ್ನದ ನಿದ್ದೆ ಅಲ್ಲೇ. ಪಕ್ಕದ ಮನೆಯಲ್ಲಿ ಅವನಿಗೆ ಬೆಳಗಿನ ಹಾಲು. ಮೂಲೆಮನೆಯವರು ಮೀನು ಮಾಡುವವರಾದ್ದರಿಂದ ಅಲ್ಲಿ ಅವನ ಹಾಜರಾತಿ ಕಡ್ಡಾಯ. ಹೀಗೆ ಲೆಕ್ಕ ಹಾಕುತ್ತ ಹೋದರೆ ಇಡೀ ಬೀದಿಯಲ್ಲಿ ಅವನು ಕಾಲಿಡದ ಮನೆ ಒಂದೂ ಉಳಿಯಲಿಲ್ಲ. ಕೊನೆಗೆ ನಮ್ಮವರು ಬೆಳಿಗ್ಗೆ ಗುಚ್ಛವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಆಫೀಸಿಗೆ ಒಯ್ದು ಮ್ಯಾನೇಜರ ಮೇಜಿನ ಮೇಲಿಟ್ಟರು. ಅಲ್ಲಿ ಇಲಿಗಳ ಕಾಟವಂತೆ, ಬೆಕ್ಕು ಬೇಕೆಂದು ಎರಡು ವರ್ಷದಿಂದ ಅರ್ಜಿ ಇದೆಯಂತೆ.